ನೀಲಗಂಗವ್ವನ ಹೋಳಿಗೆ ಅರವತ್ತು ಜಿಬಿಯಾಗಿ ಕೆಳಗಿಳಿದ ಪ್ರಸಂಗ

ಆಲಿಸಿರಿ, ಎಲೈ ರಿಮೋಟ್‌ಹಸ್ತರಾದ ಮಹಾಜನಗಳೇ! ಕೃತಯುಗದಲ್ಲಿ ವಾರ್ತೆಯು ಋಷಿಗಳ ಮನೋವೇಗದಲ್ಲಿ ಸಂಚರಿಸುತ್ತಿತ್ತು. ತ್ರೇತೆಯಲ್ಲಿ ವಾಯುವೇಗದಲ್ಲಿ, ದ್ವಾಪರದಲ್ಲಿ ಅಶ್ವವೇಗದಲ್ಲಿ. ಈ ಕಲಿಯುಗದಲ್ಲಿ, ಅದರಲ್ಲಿಯೂ ಮನೆಮನೆಯ ಕಿಟಕಿಯ ಸಂದಿಯಿಂದ ಕಪ್ಪು ತಂತಿಯೊಂದು ನುಸುಳಿ ಒಳಬಂದ ಕೇಬಲ್ ಪರ್ವದಲ್ಲಿ, ಅದರ ವೇಗ ಎಷ್ಟಿತ್ತೆಂಬುದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಆದರೂ ಹೇಳುವುದು ನನ್ನ ಕರ್ಮ, ಕೇಳುವುದು ನಿಮ್ಮದು. ಹಗಲು ಎರಡು ತಾಸು ಹೇಳದೆ ಕೇಳದೆ ಅಂತರ್ಧಾನಳಾಗಿ, ಮನಸ್ಸು ಬಂದಾಗ ಮತ್ತೆ ಪ್ರತ್ಯಕ್ಷಳಾಗುವ ಹೇ ವಿದ್ಯುದ್ದೇವಿ, ಈ ಕಥೆ ಮುಗಿಯುವತನಕವಾದರೂ ಎಲ್ಲಿಗೂ ಹೋಗಬೇಡ ತಾಯಿ.

ಪೂರ್ವಿಕರು ಪುಲಿಗೆರೆಯೆಂದು ಕರೆದ ಲಕ್ಷ್ಮೇಶ್ವರ ಪಟ್ಟಣದ ಬಜಾರದ ತುದಿಯಲ್ಲಿ, ಹೋದ ಚುನಾವಣೆಯ ಹಿಂದಿನ ಚುನಾವಣೆಯಲ್ಲಿ ಗೋಡೆಗೆ ಸುಣ್ಣ ಕಂಡ ಎರಡಂತಸ್ತಿನ ಕಟ್ಟಡವೊಂದರಲ್ಲಿ, ‘ಪುಲಿಗೆರೆ ವಾಹಿನಿ’ ಎಂಬ ಕೇಬಲ್ ಚಾನೆಲ್ ವಿರಾಜಮಾನವಾಗಿತ್ತು. ಮೇಲಂತಸ್ತಿನಲ್ಲಿ ಚಿತ್ರಗಳನ್ನು ಕತ್ತರಿಸಿ ಜೋಡಿಸುವ ಮಿಕ್ಸಿಂಗ್ ಕೋಣೆ. ಕೆಳಗೆ, ಜೋಡಿಸಿದ್ದನ್ನು ಊರಿನ ಟಿವಿಗಳಿಗೆ ಹರಿಯಬಿಡುವ ಪ್ರಸಾರದ ಕೋಣೆ. ಈ ಎರಡು ಲೋಕಗಳ ನಡುವೆ ಮನುಷ್ಯರಿಗಾಗಿ ಇಪ್ಪತ್ತೆರಡು ಮೆಟ್ಟಿಲು, ಫೈಲುಗಳಿಗಾಗಿ ಬೂದುಬಣ್ಣದ ಒಂದು ಕೇಬಲ್.

ಮೇಲಂತಸ್ತಿನ ಅಧಿಪತಿಯೇ ನಮ್ಮ ನಾಯಕ. ಮೂಷಕಸಂಚಾಲನಚತುರ, ಕೀಲಿಮಣೆಕೋವಿದ, ವಧೂವರಮಸ್ತಕಕೃತ್ರಿಮಪುಷ್ಪವೃಷ್ಟಿಪ್ರವೀಣ, ಮುರಿಗೆಪ್ಪ. ವಯಸ್ಸು ಮೂವತ್ನಾಲ್ಕು. ಅವನು ಕತ್ತರಿಸದೆ ಬಿಟ್ಟ ಭಾಷಣವಿಲ್ಲ, ಗುಲಾಬಿ ದಳ ಉದುರಿಸದೆ ಬಿಟ್ಟ ಮದುವೆಯಿಲ್ಲ. ಇಂಥ ವೀರನಿಗೂ ಈ ಭೂಮಂಡಲದಲ್ಲಿ ಒಂದು ಭಯವಿತ್ತು. ಅದು ಅವನ ಅತ್ತೆ.

ಕಣಕವಿಮರ್ದಿನಿ, ಲಟ್ಟಣಿಗೆಪಾಣಿ, ಸುವರ್ಣವರ್ಣಹೂರಣಸಂಧಾತ್ರಿ ನೀಲಗಂಗವ್ವನು ಪ್ರತಿವರ್ಷ ಪಂಚಮಿಯ ಹಬ್ಬಕ್ಕೆ ಮುಂಚೆ ವಾಹಿನಿಯವರು ನಡೆಸುವ ಹೂರಣದ ಹೋಳಿಗೆ ಸ್ಪರ್ಧೆಯಲ್ಲಿ ತಪ್ಪದೆ ಪಾಲ್ಗೊಳ್ಳುತ್ತಿದ್ದಳು. ಹೋದ ವರ್ಷ ಏನಾಯಿತೆಂದರೆ, ಎರಡು ತಾಸಿನ ಆ ಕಾರ್ಯಕ್ರಮವನ್ನು ಮುರಿಗೆಪ್ಪ ಎರಡು ತುಂಡು ಮಾಡಿ ಕೆಳಗೆ ಕಳಿಸಿದ್ದ. ಮೊದಲ ತುಂಡು ಒಂದು ತಾಸು ತಡವಾಗಿ, ಏಳಕ್ಕೆ ತಲುಪಿತು. ಎರಡನೆಯದು ಕೇಬಲಿನೊಳಗೆ ಆಮೆಯ ಹಾಗೆ ತೆವಳುತ್ತಿರುವಾಗಲೇ ಗಂಟೆ ಎಂಟಾಗಿ ಬಂಗಾರದಂಗಡಿಯವರ ಪ್ರಾಯೋಜಿತ ಕಾರ್ಯಕ್ರಮ ಶುರುವಾಗಿಬಿಟ್ಟಿತು. ನೀಲಗಂಗವ್ವ ಇದ್ದದ್ದು ಎರಡನೆಯ ತುಂಡಿನಲ್ಲಿ. ಓಣಿಯ ಹೆಂಗಸರನ್ನೆಲ್ಲ ಕರೆದು, ಚಾಪೆ ಹಾಸಿ ಕೂರಿಸಿ, ಹೊಸ ಇಳಕಲ್ ಸೀರೆಯುಟ್ಟು ಟಿವಿಯ ಮುಂದೆ ಕುಳಿತಿದ್ದ ಆ ಮಹಾತಾಯಿ ಒಂದು ತಾಸು ಪರರ ಹೋಳಿಗೆಯನ್ನೂ, ಅನಂತರ ಅರ್ಧ ತಾಸು ಬಳೆಯ ಡಿಸೈನುಗಳನ್ನೂ ನೋಡಿ ಎದ್ದು ಒಳಗೆ ಹೋದಳು.

ಅಳಿಯನನ್ನು ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ಅತ್ತೆಮನೆಯ ಪಂಕ್ತಿಯಲ್ಲಿ ತುಪ್ಪದ ಗಿಂಡಿಯು ಎಲ್ಲರ ಎಲೆಯನ್ನೂ ಸಂದರ್ಶಿಸಿ ಮುರಿಗೆಪ್ಪನ ಎಲೆಯ ಬಳಿ ಬರುವಷ್ಟರಲ್ಲಿ ಸರಿಯಾಗಿ ಬರಿದಾಗುತ್ತಿತ್ತು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಹಾಸ್ಟೆಲಿನ ಸಾರಿನಲ್ಲಿ ಬೆಳೆದವನು ಅವನು. ಮದುವೆಯಾದ ಹೊಸತರಲ್ಲಿ ಈ ಅತ್ತೆ ಪಕ್ಕದಲ್ಲಿ ಕೂತು, ಸಾಕೆಂದರೂ ಕೇಳದೆ ಬಡಿಸಿದಾಗ ಕಣ್ಣಲ್ಲಿ ನೀರು ತಂದುಕೊಂಡವನು. ಆದ್ದರಿಂದ ಅವನಿಗೆ ಆ ಬರಿದಾದ ಗಿಂಡಿಯಿಂದ ನಿಜವಾಗಿಯೂ ದುಃಖವಾಗಿತ್ತು. ಅದರ ಮೇಲೆ ಈ ಸಲ ಹೆಂಡತಿ ಕಸ್ತೂರಿ ಬೆಳಗ್ಗೆಯೇ ಆಜ್ಞೆ ಹೊರಡಿಸಿದ್ದಳು.

“ಈ ಸಲಾನೂ ನಮ್ಮವ್ವ ಟಿವ್ಯಾಗ ಕಾಣ್ಲಿಲ್ಲಂದ್ರ, ಪಂಚಮಿಗಿ ನಾ ಒಬ್ಬಾಕೀನ ತವರಮನಿಗೆ ಹೋಗ್ತೀನಿ. ನೀವು ಇಲ್ಲೇ ಅನ್ನಾ ಬೇಯಿಸ್ಕೊಂಡು ಉಪ್ಪಿನಕಾಯಿ ಹಚ್ಕೊಂಡು ಉಣ್ರಿ.”

ಹೀಗೆ ಪಣವು ನಿಶ್ಚಯವಾಯಿತು. ಪ್ರಸಾರ ಸಂಜೆ ಆರಕ್ಕೆ. ಈ ಸಲ ತುಂಡು ಮಾಡುವ ಮಾತೇ ಇಲ್ಲ; ಆರಂಭದಿಂದ ಅಂತ್ಯದವರೆಗೆ ಒಂದೇ ಅಖಂಡ ಫೈಲು ಇಡಿಯಾಗಿ ಕೆಳಗಿಳಿಯಬೇಕು.

ಇಲ್ಲಿ ಸಭೆಯಲ್ಲಿರುವ ಬುದ್ಧಿವಂತರೊಬ್ಬರು ಎದ್ದು ನಿಂತು, ಅಷ್ಟೆಲ್ಲ ಯಾಕೆ, ಒಂದು ಪೆನ್‌ಡ್ರೈವಿಗೆ ಹಾಕಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯಬಾರದೇ ಎಂದು ಕೇಳುತ್ತಾರೆ. ಕುಳಿತುಕೊಳ್ಳಿ. ಎರಡು ವರ್ಷದ ಹಿಂದೆ ಯಾವುದೋ ಸೀಮಂತದ ಪೆನ್‌ಡ್ರೈವಿನಿಂದ ವೈರಸ್ ಎಂಬ ಮಾರಿಯು ಪ್ರಸಾರದ ಕಂಪ್ಯೂಟರಿನೊಳಗೆ ಹೊಕ್ಕು ಮೂರು ದಿನ ಊರಿಗೆ ಊರೇ ನೀಲಿ ಪರದೆ ನೋಡುವಂತಾದಾಗ, ವಾಹಿನಿಯ ಒಡೆಯನಾದ ಗದಿಗೆಪ್ಪ ಸಾವ್ಕಾರನು ಕೋಪಾರುಣಲೋಚನನಾಗಿ, ಸೋರುವ ನಲ್ಲಿಗೆ ಹಚ್ಚುವ ಮೆತ್ತನ್ನು ತರಿಸಿ, ಆ ಕಂಪ್ಯೂಟರಿನ ಪೆನ್‌ಡ್ರೈವ್ ತೂತುಗಳನ್ನೆಲ್ಲ ಸ್ವಹಸ್ತದಿಂದ ಮುಚ್ಚಿಬಿಟ್ಟಿದ್ದನು. ಅದು ಕಲ್ಲಿನಷ್ಟು ಗಟ್ಟಿಯಾಗಿ ಈಗಲೂ ಹಾಗೆಯೇ ಇದೆ. ಆದುದರಿಂದ ಕೇಬಲ್ ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಆ ದಾರಿಯನ್ನು ರಾಜಮಾರ್ಗ ಮಾಡುವೆನೆಂದು ಹೋದ ತಿಂಗಳು ಮುರಿಗೆಪ್ಪನೇ ಸಾವ್ಕಾರನ ಮುಂದೆ ಎದೆ ತಟ್ಟಿ ಹೇಳಿ, ತಂತಿಗಳನ್ನು ಕೂಡಿಸುವ ಹೊಸ ಸ್ವಿಚ್ ಡಬ್ಬಿಯೊಂದನ್ನು ತರಿಸಿದ್ದನು. “ಸಾವ್ಕಾರ್ರ, ಹಳೇದರಕಿಂತ ಹತ್ತು ಪಟ್ಟು ಜೋರ ಐತ್ರಿ ಇದು. ಫೈಲು ಹೋಗಂಗಿಲ್ಲ, ಹಾರ್ತಾವ” ಎಂದಿದ್ದ. ಸಾವ್ಕಾರ ಕನ್ನಡಕದ ಮೇಲಿನಿಂದ ನೋಡಿ, “ಹಾರ್ಲಿಲ್ಲಂದ್ರ ನಿನ್ನ ಹಾರಸ್ತೀನಿ ನೋಡ್” ಎಂದಿದ್ದ. ದೊಡ್ಡ ಫೈಲನ್ನು ಆ ಡಬ್ಬಿಯ ಮೂಲಕ ಕಳಿಸುವ ಸಂದರ್ಭ ಬಂದದ್ದು ಇಂದೇ ಮೊದಲು.

ಐದು ಗಂಟೆ ಹತ್ತು ನಿಮಿಷಕ್ಕೆ, ಮಧ್ಯಾಹ್ನದಿಂದ ಕಂಪ್ಯೂಟರಿನ ಹೊಟ್ಟೆಯಲ್ಲಿ ಬೇಯುತ್ತಿದ್ದ ಆ ಮಹಾಫೈಲು ಪಕ್ವವಾಯಿತು. ಗಾತ್ರ ಅರವತ್ತು ಜಿಬಿ. ಮುರಿಗೆಪ್ಪನು ಎರಡೂ ಕೈಯ ನೆಟಿಗೆ ಮುರಿದು, ಮನಸ್ಸಿನಲ್ಲಿ ಮನೆದೇವರನ್ನು ನೆನೆದು, ಬಲದ ತೋರುಬೆರಳಿನಿಂದ ಇಲಿಯ ತಲೆಯನ್ನು ಒತ್ತಿದನು. ಹಸಿರು ಪಟ್ಟಿಯೊಂದು ತೆರೆಯ ಮೇಲೆ ಮೂಡಿತು. ಕಂಪ್ಯೂಟರು ಸ್ವಲ್ಪ ಹೊತ್ತು ಲೆಕ್ಕ ಹಾಕಿ ಭವಿಷ್ಯ ನುಡಿಯಿತು: ಇನ್ನು ಒಂದು ತಾಸು ಮೂವತ್ತೊಂದು ನಿಮಿಷ.

ಮುರಿಗೆಪ್ಪನು ಕಣ್ಣುಜ್ಜಿಕೊಂಡು ಮತ್ತೆ ನೋಡಿದನು. ಒಂದು ತಾಸು ಮೂವತ್ತೊಂದೇ. ಫೈಲನ್ನು ಚಿಕ್ಕದು ಮಾಡಬೇಕೆಂದರೆ ಮತ್ತೆ ಎರಡು ತಾಸು ಬೇಯಿಸಬೇಕು. ಅವನು ಮೆಟ್ಟಿಲ ತಲೆಗೆ ಬಂದು ನಿಂತು, ಕೆಳಲೋಕದ ಅಧಿಪತಿಯಾದ, ಪ್ರಸಾರಗುಂಡಿಪ್ರಭು, ಜಾಹೀರಾತುಸಮಯಪಾಲಕ ದಾದಾಪೀರನನ್ನು ಹೀಗೆ ಮೂದಲಿಸಿದನು:

“ಎಲವೋ ಅಧೋಭುವನವಾಸಿಯೇ! ನಿನ್ನ ಯಂತ್ರವು ಜರಾಜೀರ್ಣವಾಗಿ, ಧೂಳಿಧೂಸರಿತವಾಗಿ, ಉಬ್ಬಸಪೀಡಿತವಾಗಿ ನನ್ನ ಫೈಲನ್ನು ನುಂಗಲಾರದೆ ಏದುತ್ತಿರುವುದನ್ನು ಕಾಣೆಯಾ? ಸಾಮರ್ಥ್ಯವಿಲ್ಲದವನು ಕುರ್ಚಿಯಲ್ಲಿ ಕೂರುವುದೇಕೆ?”

ಇದು ನಾನು ಕಾವ್ಯಕ್ಕೆ ತಕ್ಕಂತೆ ಹೇಳಿದ್ದು. ಅವನು ಕೂಗಿದ್ದು, “ಏ ದಾದಾ! ನಿನ್ನ ಡಬ್ಬಾ ಕಂಪ್ಯೂಟರ್‌ಗೆ ಏನ್ ಬಂದೈತೋ!” ಎಂದಷ್ಟೇ.

ಅದನ್ನು ಕೇಳಿ ದಾದಾಪೀರನು ಪದಾಘಾತಕ್ಕೊಳಗಾದ ಭುಜಂಗದಂತೆ ಬುಸುಗುಟ್ಟಿ, ಅಂದರೆ ಕೈಯಲ್ಲಿದ್ದ ಶೇಂಗಾದ ಪೊಟ್ಟಣವನ್ನು ಕೆಳಗಿಟ್ಟು, ಮೆಟ್ಟಿಲ ಬುಡಕ್ಕೆ ಬಂದು ಪ್ರತ್ಯುತ್ತರವಿತ್ತನು: “ಏಳು ವರ್ಷ ಅಹರ್ನಿಶಿ ಅಸ್ಖಲಿತವಾಗಿ ಚಲಿಸಿದ ಈ ಯಂತ್ರರತ್ನವನ್ನು ನಿಂದಿಸುವ ನಿನ್ನ ನಾಲಗೆ ಸಿಡಿದುಹೋಗದೇ? ಮಂದಗಮನವು ನಿನ್ನ ಯಂತ್ರದ್ದು. ಪುಷ್ಪವೃಷ್ಟಿ ಸುರಿಸಿ ಸುರಿಸಿ ಅದರ ಬೆನ್ನುಮೂಳೆ ಮುರಿದಿದೆ!” ಪುಲಿಗೆರೆಯ ಬಾಯಲ್ಲಿ ಇದು ಹೀಗಿತ್ತು:

“ಮುರಿಗೆಣ್ಣ, ನಂದ ಬರೋಬ್ಬರಿ ಐತಿ. ನಿಂದ ನೋಡ್ಕೋ ಮೊದಲ. ಹೂವಾ ಉದುರಿಸಿ ಉದುರಿಸಿ ಸುಸ್ತಾಗೈತಿ ಅದು.”

“ನಂದ ಹೋದ ತಿಂಗಳ ಸರ್ವಿಸ್ ಮಾಡ್ಸಿದ್ದೈತಿ!”

“ನಂದಕ್ಕ ಸರ್ವಿಸ್ ಬೇಕಾಗೇ ಇಲ್ಲ!”

ಹೀಗೆ ವಾಗ್ಬಾಣಗಳು ಇಪ್ಪತ್ತೆರಡು ಮೆಟ್ಟಿಲುಗಳ ಮೇಲೂ ಕೆಳಗೂ ಹಾರಾಡುತ್ತಿರಲು ನಾಲ್ಕು ನಿಮಿಷ ವ್ಯರ್ಥವಾಯಿತು. ಕೊನೆಗೆ ದಾದಾಪೀರನೇ ದನಿ ತಗ್ಗಿಸಿ, “ನಿಮ್ಮತ್ತಿ ಎಷ್ಟನೇ ನಿಮಿಷಕ್ಕ ಬರ್ತಾರ?” ಎಂದು ಕೇಳಿದ. “ಎಪ್ಪತ್ತೆಂಟನೇದ್ದಕ್ಕ” ಎಂದ ಮುರಿಗೆಪ್ಪ. ಹೋದ ವರ್ಷದ ಕಥೆ ದಾದಾಪೀರನಿಗೆ ಚೆನ್ನಾಗಿ ಗೊತ್ತಿತ್ತು. ಬಂಗಾರದಂಗಡಿಯ ಕಾರ್ಯಕ್ರಮದ ಗುಂಡಿ ಒತ್ತಿದ ಕೈ ಅವನದೇ. ವೈರಿಗಳಿಬ್ಬರೂ ಅಲ್ಲಿಯೇ ಮಿತ್ರರಾದರು.

ಈಗ ನಡೆದ ಅಸ್ತ್ರಪ್ರಯೋಗಗಳನ್ನು ವರ್ಣಿಸಲು ನನಗೆ ಸಾವಿರ ನಾಲಗೆಯಿಲ್ಲ, ಇರುವ ಒಂದರಲ್ಲಿ ಹೇಳುತ್ತೇನೆ. ಮೊದಲು ದಾದಾಪೀರನು ಕಳ್ಳತನದಲ್ಲಿ ನೋಡುತ್ತಿದ್ದ ಕುಸ್ತಿಯ ವಿಡಿಯೋವನ್ನು ಮುಚ್ಚಿದನು. ವೇಗ ಕೂದಲೆಳೆಯಷ್ಟೂ ಏರಲಿಲ್ಲ. ವೈರಸ್ ಬಾರದಂತೆ ಕಾಯುವ ಆಂಟಿವೈರಸ್ ಎಂಬ ದ್ವಾರಪಾಲಕನನ್ನು ಎರಡೂ ಕಡೆ ಮಲಗಿಸಿದರು. ಅವನು ಮಲಗಿದ, ಫೈಲು ಏಳಲಿಲ್ಲ. ಬಾಗಿಲ ಹಿಂದಿದ್ದ ಹಳೆಯ ಗಿಡ್ಡ ತಂತಿಗಳನ್ನು ಕಿತ್ತು ಹೊಸವನ್ನು ಸಿಕ್ಕಿಸಿದರು. ದಾದಾಪೀರನು ಮೇಲಂತಸ್ತಿಗೆ ಬಂದು ಹೊಸ ಸ್ವಿಚ್ ಡಬ್ಬಿಯ ಮೇಲೆ ಕೈಯಿಟ್ಟು, “ಬಿಸಿ ಆಗೈತಿ” ಎಂದು ಟೇಬಲ್ ಫ್ಯಾನನ್ನು ಅದರ ಮುಖಕ್ಕೆ ತಿರುಗಿಸಿದನು. ಡಬ್ಬಿಗೆ ತಂಪಾಯಿತು, ಅವನಿಗೆ ಸೆಕೆಯಾಯಿತು, ಫೈಲಿಗೆ ಏನೂ ಆಗಲಿಲ್ಲ. ತಂತಿ ಬದಲಿಸಿದಾಗಲೂ ಕಂಪ್ಯೂಟರು ನಿಂತಲ್ಲಿಂದಲೇ ಮತ್ತೆ ಎತ್ತಿಕೊಂಡಿತು ಎಂಬುದಷ್ಟೇ ಪುಣ್ಯ. ಗಡಿಯಾರ ಐದೂಮೂವತ್ತು ದಾಟಿತು.

ಆಗ, ವಿಷಣ್ಣವದನನಾಗಿ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕುಳಿತಿದ್ದ ಮುರಿಗೆಪ್ಪನ ದೃಷ್ಟಿಯು ಡಬ್ಬಿಯ ಮುಖದ ಪುಟ್ಟ ದೀಪಗಳ ಮೇಲೆ ಬಿದ್ದಿತು. ಅವನ ಕಂಪ್ಯೂಟರಿನ ತಂತಿ ಸೇರಿದ ಕಡೆ ಹಸಿರು ದೀಪ. ಕೆಳಗಿಳಿಯುವ ತಂತಿ ಸೇರಿದ ಕಡೆ ಕೇಸರಿ ದೀಪ. ಡಬ್ಬಿಯ ಜೊತೆ ಬಂದು, ಯಾರೂ ಓದದೆ ಶೇಂಗಾ ಸಿಪ್ಪೆ ಹಾಕಲು ಬಳಸಿದ್ದ ಕಾಗದವನ್ನು ಅವನು ಝಾಡಿಸಿ ಓದಿದನು. ಹಸಿರೆಂದರೆ ಹೊಸ ವೇಗ. ಎಂಟು ತಂತಿಯೂ ನೆಟ್ಟಗಿದೆ. ಕೇಸರಿಯೆಂದರೆ ಹಳೆಯ ವೇಗ. ಎಂಟರಲ್ಲಿ ಎಲ್ಲೋ ಕೆಲವು ಕಡಿದಿವೆ.

“ದಾದಾ, ಕಂಪ್ಯೂಟರ್ ಅಲ್ಲೋ! ಗ್ವಾಡ್ಯಾಗಿನ ಕೇಬಲ್! ನಡುವ ಯಾವನೋ ಕಡದಾನ!”

“ಯಾಂವ ಕಡದಾನ?”

“ಸಿಗ್ಲಿ ಆ ಮಗ, ಕೈ ಮುರೀತೀನಿ!”

ಹೀಗೆ ಘೋರಪ್ರತಿಜ್ಞೆಯನ್ನು ಮಾಡಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಕೈಯಲ್ಲಿ ಇಕ್ಕಳ ಹಿಡಿದು, ನಮ್ಮ ವೀರನು ಕೇಬಲಿನ ಜಾಡು ಹಿಡಿದು ಹೊರಟನು. ಅದು ಕಿಟಕಿಯಿಂದ ಹೊರಬಿದ್ದು, ಪಾರಿವಾಳದ ಗೂಡಿನ ಪಕ್ಕದಿಂದ ಇಳಿದು, ಮತ್ತೆ ಗೋಡೆಯೊಳಗೆ ತೂರಿ, ಮೆಟ್ಟಿಲುಗಳ ಅಡಿಯ ಕತ್ತಲೆ ಮೂಲೆಗೆ ಬರುತ್ತಿತ್ತು. ಹಳೆಯ ಚುನಾವಣಾ ಬ್ಯಾನರು, ಮುರಿದ ಮೈಕ್ ಸ್ಟ್ಯಾಂಡು, ಎರಡು ವರ್ಷದ ಜೇಡರಬಲೆ, ಇವೆಲ್ಲವನ್ನೂ ಭೇದಿಸಿ ಮೊಣಕಾಲೂರಿ ಒಳಹೊಕ್ಕವನಿಗೆ ಅಲ್ಲಿ ವೈರಿಯು ಕಾಣಿಸಿದನು. ಕೇಬಲಿನ ಬೂದುಬಣ್ಣದ ಹೊಟ್ಟೆಯನ್ನು ಬ್ಲೇಡಿನಿಂದ ಸೀಳಿ, ಎಂಟು ತಂತಿಗಳಲ್ಲಿ ನಾಲ್ಕನ್ನು, ಎರಡು ನೀಲಿ ಎರಡು ಕಂದು, ಕತ್ತರಿಸಿ ಹೊರಗೆಳೆದಿದ್ದರು. ಆ ನಾಲ್ಕೂ ಗೋಡೆಯ ತೂತಿನೊಳಗೆ ತೂರಿ ಹಿತ್ತಲಿಗೆ ಹೋಗಿದ್ದವು. ಗಾಯದ ಮೇಲೆ ಕರಿಯ ಟೇಪು. ಟೇಪು ಬಿಚ್ಚದಿರಲೆಂದು ಅದರ ತುದಿಗೆ ಒಂದು ರಬ್ಬರ್‌ಬ್ಯಾಂಡು.

ಮುರಿಗೆಪ್ಪನ ಬಾಯಿಂದ ಟಾರ್ಚು ಕೆಳಗೆ ಬಿತ್ತು. ಟೇಪಿನ ತುದಿಗೆ ರಬ್ಬರ್‌ಬ್ಯಾಂಡು ಹಾಕುವವನು ಲಕ್ಷ್ಮೇಶ್ವರದಲ್ಲಿ ಒಬ್ಬನೇ ಇದ್ದ.

ಮೂರು ವರ್ಷದ ಹಿಂದಿನ ಮಾತು. ಕಟ್ಟಡದ ಹಿತ್ತಲಿನಲ್ಲಿ ಫಕೀರವ್ವನ ಚಾದಂಗಡಿ. ಗದಿಗೆಪ್ಪ ಸಾವ್ಕಾರನಿಗೆ ದಿನಕ್ಕೆ ಒಂಬತ್ತು ಚಾ. ಪ್ರತಿಸಲ ಕಿಟಕಿಯಿಂದ ಕೂಗಿ ಕೂಗಿ ಸಾವ್ಕಾರನ ಗಂಟಲು ಕೆಟ್ಟು, ಸಂಜೆಯ ಸುದ್ದಿ ಓದಲು ದನಿಯೇ ಇಲ್ಲದಂತಾದಾಗ, ಮುರಿಗೆಪ್ಪನು ಮುಂದೆ ಬಂದು, “ಸಾವ್ಕಾರ್ರ, ಕೇಬಲ್‌ನ್ಯಾಗ ಎಂಟು ತಂತಿ ಅದಾವ್ರಿ. ನಮ್ಮ ಡಬ್ಬಿಗೆ ನಾಕ ಸಾಕು. ಉಳದ ನಾಕು ಸುಮ್ನ ಕುಂತು ಉಣ್ಣಾಕತ್ತಾವ. ಅವನ್ನ ದುಡ್ಯಾಕ ಹಚ್ಚೂಣು” ಎಂದು ಹೇಳಿ, ಸಾವ್ಕಾರನ ಮೇಜಿನ ಕೆಳಗೊಂದು ಗುಂಡಿ, ಫಕೀರವ್ವನ ಒಲೆಯ ಮೇಲೊಂದು ಗಂಟೆ, ಎರಡರ ನಡುವೆ ಈ ನಾಲ್ಕು ತಂತಿ ಕೂಡಿಸಿಬಿಟ್ಟಿದ್ದನು. ಒಂದು ಸಲ ಒತ್ತಿದರೆ ಚಾ. ಎರಡು ಸಲ ಒತ್ತಿದರೆ ಚಾ ಮತ್ತು ಮಿರ್ಚಿ ಬಜ್ಜಿ. ಆ ಆವಿಷ್ಕಾರಕ್ಕಾಗಿ ವಾಹಿನಿಯ ವಾರ್ಷಿಕೋತ್ಸವದಲ್ಲಿ ಅವನಿಗೆ ಶಾಲು ಹೊದಿಸಲಾಗಿತ್ತು. ಹಳೆಯ ಡಬ್ಬಿಗೆ ನಾಲ್ಕೇ ತಂತಿ ಸಾಕಿತ್ತು ಎಂಬುದೂ ನಿಜವೇ. ಹೊಸ ಡಬ್ಬಿಗೆ ಎಂಟೂ ಬೇಕು ಎಂಬುದು, ಅದನ್ನು ತರಿಸಿದ ದಿನ, ಇದೇ ಮುರಿಗೆಪ್ಪನ ತಲೆಗೆ ಹೊಳೆದಿರಲಿಲ್ಲ.

“ಆಂವ ಸಿಕ್ಕನೇನಪಾ?” ಎಂದು ದಾದಾಪೀರ ಹೊರಗಿನಿಂದ ಕೇಳಿದ.

“ಸಿಕ್ಕ” ಎಂದ ಮುರಿಗೆಪ್ಪ.

“ಕೈ ಮುರೀತಿಯೇನ್ ಮತ್ತ?”

ಮುರಿಗೆಪ್ಪನು ಬಿದ್ದ ಟಾರ್ಚನ್ನು ಎತ್ತಿ ಮತ್ತೆ ಬಾಯಲ್ಲಿ ಕಚ್ಚಿಕೊಂಡನು.

ಮೆಟ್ಟಿಲ ಕೆಳಗಿನ ನಾಲ್ಕು ತಂತಿಗಳನ್ನು ಅವನು ಮೂರು ನಿಮಿಷದಲ್ಲಿ ಬಣ್ಣಕ್ಕೆ ಬಣ್ಣ ಹೊಂದಿಸಿ ಹೆಣೆದು ಬಿಟ್ಟನು. ಆದರೆ ಕೇಬಲಿಗೆ ಎರಡು ಗಾಯ. ಇನ್ನೊಂದು ಮೇಲೆ, ಗುಂಡಿಯಿದ್ದ ಕಡೆ, ಅಂದರೆ ಗದಿಗೆಪ್ಪ ಸಾವ್ಕಾರನ ಮೇಜಿನ ಅಡಿಯಲ್ಲಿ. ಆ ಹೊತ್ತಿಗೆ ಸಾವ್ಕಾರನು ಹೋಳಿಗೆ ಸ್ಪರ್ಧೆಯ ಮೂವರು ತೀರ್ಪುಗಾರರನ್ನು ಎದುರು ಕೂರಿಸಿಕೊಂಡು, ಚಾಯ್‌ಪಾನಸಮಾರಂಭಕ್ಕೆ ಸನ್ನದ್ಧನಾಗಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡಿದ್ದನು. ಒತ್ತಿಯೂ ಒತ್ತಿದ್ದನು. ಗಂಟೆ ಬಾರಿಸಿರಲಿಲ್ಲ.

ಬಾಗಿಲು ತೆರೆದು, ತಲೆತುಂಬ ಜೇಡರಬಲೆ ಹೊತ್ತ ಮುರಿಗೆಪ್ಪನು ನೇರ ಮೇಜಿನ ಕೆಳಗೆ ನುಗ್ಗಿದ್ದನ್ನು ಕಂಡು ತೀರ್ಪುಗಾರರು ಕಾಲು ಮೇಲೆತ್ತಿಕೊಂಡರು.

“ಏ ಏ ಏ, ಏನೋ ಅದು?” ಎಂದ ಸಾವ್ಕಾರ.

“ಸಾವ್ಕಾರ್ರ, ನಿಮ್ಮ ಚಾದ ಗಂಟಿ ಕೀಳಬೇಕ್ರಿ. ಅದು ಇರೋತನಕ ಫೈಲು ಹಾರಂಗಿಲ್ಲ.”

ಆಗ ಗದಿಗೆಪ್ಪ ಸಾವ್ಕಾರನು ಪ್ರಳಯಕಾಲದ ಮೇಘದಂತೆ ಗರ್ಜಿಸಿದನು. “ಏನೆಂದೆ! ಯಾವ ಪಾನೀಯದ ಬಲದಿಂದ ನಾನು ಇಪ್ಪತ್ತೆರಡು ವರ್ಷ ಈ ಪಟ್ಟಣಕ್ಕೆ ವಾರ್ತೆಯನ್ನೂ, ನೀರು ಬಿಡುವ ವೇಳೆಯನ್ನೂ, ಕಳೆದುಹೋದ ಎಮ್ಮೆಗಳ ವಿವರವನ್ನೂ ಸಾರಿದೆನೋ, ಆ ಪಾನೀಯದ ಘಂಟಾನಾದವನ್ನೇ ಅಡಗಿಸುವೆಯಾ? ಒಂದು ಫೈಲು ಬರಲಿ ಬಿಡಲಿ, ಅತಿಥಿಗಳು ಚಹಾರಹಿತರಾಗಿ ನನ್ನ ಕೋಣೆಯಿಂದ ಹೊರಟ ಅಪಕೀರ್ತಿಯನ್ನು ನಾನು ಹೊರಲಾರೆ!” ಗರ್ಜನೆಯ ಸಾರಾಂಶ: “ಮೊದಲ ಚಾ. ಆಮ್ಯಾಲ ನಿನ್ನ ಫೈಲು.”

“ಸಾವ್ಕಾರ್ರ, ಹತ್ತ ನಿಮಿಷ ಅಷ್ಟ ಬೇಕ್ರಿ. ಈಗ ಕೀಳ್ಲಿಲ್ಲಂದ್ರ ಆರು ಗಂಟೇಕ್ಕ ಊರಿಗಿ ನೀಲಿ ಪರದೆ.”

“ಚಾ?”

ಇಲ್ಲಿ, ಎಲೈ ಕೇಳುಗರೇ, ವೀರನ ಹೃದಯದಲ್ಲಿ ಒಂದು ಮಹಾಮಂಥನ ನಡೆಯಿತು. ಒಂದು ಕಡೆ ಶಾಲು ಹೊದ್ದ ಮರ್ಯಾದೆ. ಇನ್ನೊಂದು ಕಡೆ ಅತ್ತೆಯ ಮುಖ. ಕೆಳಗೆ ಫೈಲು ಅಲ್ಲಿಯವರೆಗೆ ಮೂರನೇ ಒಂದು ಪಾಲು ಬಂದಿತ್ತು. ನಿಧಾನವಾಗಿ ಬಂದಿದ್ದರೂ ಬಂದದ್ದು ಬಂದಿತ್ತು. ಅದನ್ನು ಕೈಬಿಟ್ಟು ಹೊಸದಾಗಿ ಸೊನ್ನೆಯಿಂದ ಕಳಿಸಬೇಕು. ಹೆಣೆದ ತಂತಿ ಕೈಕೊಟ್ಟರೆ ಇದ್ದದ್ದೂ ಹೋಯಿತು. ಅವನು ಮೇಜಿನ ಕೆಳಗಿನಿಂದಲೇ ನಿಟ್ಟುಸಿರು ಬಿಟ್ಟು ಹೇಳಿದ:

“ಚಾ ನಾನ ತಂದು ಕೊಡ್ತೀನ್ರ್ಯಪಾ.”

“ಮಿರ್ಚಿ?”

“ಮಿರ್ಚೀನೂ ತರ್ತೀನ್ರಿ.”

ಸಾವ್ಕಾರ ಕುರ್ಚಿಯನ್ನು ಹಿಂದಕ್ಕೆ ಸರಿಸಿ ದಾರಿ ಬಿಟ್ಟ. ಮುರಿಗೆಪ್ಪ ಹಲ್ಲಿನಿಂದ ತಂತಿಯ ಸಿಪ್ಪೆ ಸುಲಿದು, ನೀಲಿಗೆ ನೀಲಿ, ಕಂದಿಗೆ ಕಂದು ಹೆಣೆದು, ಟೇಪು ಸುತ್ತಿ, ಅಭ್ಯಾಸಬಲದಿಂದ ರಬ್ಬರ್‌ಬ್ಯಾಂಡು ಹಾಕಿ, ಓಡಿಹೋಗಿ ಡಬ್ಬಿಯ ಮುಖ ನೋಡಿದ. ಕೇಸರಿ ದೀಪ ಆರಿತು. ಎರಡು ಉಸಿರಿನಷ್ಟು ಹೊತ್ತು ಅಲ್ಲಿ ಕತ್ತಲೆ. ಆಮೇಲೆ ಹಸಿರು. ಅವನು ಕುಣಿದೇಬಿಟ್ಟ. ಐದೂನಲವತ್ಮೂರಕ್ಕೆ ಹಳೆಯ ಕಾಪಿಯನ್ನು ರದ್ದು ಮಾಡಿ, ಹೊಸದಾಗಿ ಮತ್ತೆ ಇಲಿಯ ತಲೆ ಒತ್ತಿದ.

ಆಗ ಆ ಮಹಾಫೈಲು ಹೇಗೆ ಧಾವಿಸಿತೆಂದರೆ! ಹಸಿರು ಪಟ್ಟಿಯು ತೆರೆಯ ಎಡದಂಚಿನಿಂದ ಬಲದಂಚಿಗೆ ಹೇಗೆ ಉಕ್ಕಿ ಹರಿಯಿತೆಂದರೆ! ಹೇಗೆಂಬುದನ್ನು ಮುರಿಗೆಪ್ಪ ನೋಡಲಿಲ್ಲ. ಅವನು ಫಕೀರವ್ವನ ಅಂಗಡಿಯಲ್ಲಿ ನಾಲ್ಕು ಚಾ, ಎಂಟು ಮಿರ್ಚಿಗಾಗಿ ಸಾಲಿನಲ್ಲಿ ನಿಂತಿದ್ದ. ಮೂರು ವರ್ಷದ ಹಿಂದೆ ಕಷ್ಟಪಟ್ಟು, ಶಾಲು ಹೊದ್ದು, ಎರಡು ಅಂತಸ್ತು ಗೋಡೆ ಕೊರೆದು ಯಾವ ಕೆಲಸವನ್ನು ತಂತಿಗೆ ಒಪ್ಪಿಸಿದ್ದನೋ ಆ ಕೆಲಸವನ್ನು ಈಗ ತಾನೇ ಕಾಲ್ನಡಿಗೆಯಲ್ಲಿ ಮಾಡುತ್ತಿದ್ದ. ಫಕೀರವ್ವ ಅವನ ತಲೆಯ ಜೇಡರಬಲೆಯನ್ನು ತೆಗೆದು, “ಗಂಟಿಗೆ ಏನಾತೋ ತಮ್ಮಾ? ಬೆಳಗ್ಗಿಂದ ಚಲೋ ಇತ್ತಲ್ಲ” ಎಂದಳು. ಅವನು ತಟ್ಟೆ ಹೊತ್ತು ಮೆಟ್ಟಿಲು ಹತ್ತುವಾಗ ಕೆಳಗಿನ ಕೋಣೆಯಿಂದ ದಾದಾಪೀರನ ಜಯಘೋಷ ಕೇಳಿಸಿತು. ಐದೂಐವತ್ನಾಲ್ಕು. ಅರವತ್ತು ಜಿಬಿಯೂ ತಲುಪಿತ್ತು.

ಆರು ಗಂಟೆಗೆ ಸರಿಯಾಗಿ, ವರ್ಷಗಳಲ್ಲಿ ಮೊದಲ ಬಾರಿಗೆ ಹೇಳಿದ ವೇಳೆಗೆ, ಪುಲಿಗೆರೆ ವಾಹಿನಿಯ ಮೇಲೆ ಹೋಳಿಗೆ ಸ್ಪರ್ಧೆ ಶುರುವಾಯಿತು. ಮುರಿಗೆಪ್ಪ ಪ್ರಸಾರದ ಕೋಣೆಯಲ್ಲಿ ದಾದಾಪೀರನ ಪಕ್ಕ ಕುಳಿತು, ಹೆಂಡತಿಗೆ ಫೋನು ಮಾಡಿ, “ಅವ್ವಗ ಹೇಳು, ಏಳು ಹದಿನೆಂಟಕ್ಕ. ಓಣಿ ಮಂದೀನೆಲ್ಲ ಕರೀರಿ” ಎಂದ. ದನಿಯಲ್ಲಿ ರಾಜ್ಯ ಗೆದ್ದವನ ಗಾಂಭೀರ್ಯವಿತ್ತು. ಓಣಿಯ ಮಂದಿ ಆಗಲೇ ಬಂದು ಚಾಪೆಯ ಮೇಲೆ ಕುಳಿತಿದ್ದರು ಎಂಬ ಉತ್ತರ ಬಂತು.

ಏಳು ಹದಿನೆಂಟಾಯಿತು. ಇಳಕಲ್ ಸೀರೆ, ಹಣೆತುಂಬ ಕುಂಕುಮ, ಹಂಚಿನ ಮುಂದೆ ನೀಲಗಂಗವ್ವ. ಮುರಿಗೆಪ್ಪನಿಗೆ ಕಣ್ಣು ಮಂಜಾಯಿತು. ತೆರೆಯ ಮೇಲೆ ಅವಳು ಹೋಳಿಗೆಯನ್ನು ಎರಡೂ ಕೈಯಲ್ಲಿ ಹಂಚಿನಿಂದ ಎತ್ತಿದಳು. ಅಲ್ಲಿ ಮುರಿಗೆಪ್ಪನು ತನ್ನ ಕಲೆಯನ್ನೆಲ್ಲ ಧಾರೆಯೆರೆದಿದ್ದ. ಬಣ್ಣ ಸರಿಮಾಡಿದ್ದ. ಕೊಳಲಿನ ನಾದ ಹಾಕಿದ್ದ. ಹೋಳಿಗೆ ಎತ್ತುವ ಆ ಒಂದು ಗಳಿಗೆಯನ್ನು ಹನ್ನೊಂದು ಸೆಕೆಂಡು ಹಿಗ್ಗಿಸಿ ನಿಧಾನಗತಿಯಲ್ಲಿ ತೋರಿಸಿದ್ದ. ಮೂರು ದಿನ ಅದನ್ನೇ ನಲವತ್ತು ಸಲ ನೋಡಿ, ಹಳದಿ ಇನ್ನೂ ಕೊಂಚ ಬೇಕೆಂದು ತಿದ್ದಿ, ಬಂಗಾರದ ಮಿನುಗು ಚಿಮುಕಿಸಿದ್ದ.

ಬಣ್ಣವನ್ನೇ ನೋಡುತ್ತಿದ್ದವನು ಹೋಳಿಗೆಯನ್ನು ನೋಡಿರಲಿಲ್ಲ. ಈಗ ಊರಿನ ಜೊತೆ ಕೂತು ಮೊದಲ ಸಲ ನೋಡಿದ. ಹೋಳಿಗೆಯು ನಡುವೆ ಹರಿಯಿತು. ನಿಧಾನವಾಗಿ ಹರಿಯಿತು. ಕೊಳಲಿನ ನಾದದಲ್ಲಿ, ಹೂರಣವು ಒಂದೊಂದೇ ಉಂಡೆಯಾಗಿ ಬಂಗಾರದ ಮಿನುಗಿನೊಂದಿಗೆ ಒಲೆಯೊಳಗೆ ಬಿತ್ತು. ನೀಲಗಂಗವ್ವನ ಮುಖ ಹನ್ನೊಂದು ಸೆಕೆಂಡು ತೆಗೆದುಕೊಂಡು ಅಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು. ಆಮೇಲೆ ಅದೇ ದೃಶ್ಯ, ಕ್ರಿಕೆಟಿನ ವಿಕೆಟ್ಟಿನ ಹಾಗೆ, ಇನ್ನೊಂದು ಕೋನದಿಂದ.

“ಮುರಿಗೆಣ್ಣ,” ಎಂದ ದಾದಾಪೀರ ಮೆಲ್ಲಗೆ, “ಇದನ್ನ ನೀನ ಹಾಕೀದೇನ?”

ಫೋನು ಹೊಡೆದುಕೊಂಡಿತು. ಕಸ್ತೂರಿಯೆಂದುಕೊಂಡು ಎತ್ತಿದ. ಕಸ್ತೂರಿಯಲ್ಲ. ಹಿಂದಿನಿಂದ ಓಣಿಯ ಹೆಂಗಸರು ನಗುವುದು ಕೇಳುತ್ತಿತ್ತು. ಯಾರೋ ತಡೆದುಕೊಳ್ಳಲಾರದೆ ಕೆಮ್ಮುತ್ತಿದ್ದರು.

“ಅಳಿಯಾರ” ಎಂದಳು ನೀಲಗಂಗವ್ವ, ಬಹಳ ಮರ್ಯಾದೆಯಿಂದ.

“ಹೇಳ್ರಿ ಅತ್ತಿ.”

“ಮಂದಿ ಹೇಳಾಕತ್ತಾರ, ನೀವು ಭಾಳ ತ್ರಾಸ ತಗೊಂಡು, ಮೇಜಿನ ಬುಡಕ ಹೊಕ್ಕು, ಎಲ್ಲಾ ಲಗೂ ಕಳಿಸೀರಂತ.”

“ಹೌದ್ರಿ.”

“ಹೋದ ವರ್ಷ ನೀವು ಕಳಿಸಿದ್ದ ಚಲೋ ಇತ್ರಿ” ಎಂದು ಅವಳು ಫೋನು ಇಟ್ಟಳು.

ಮಹಾಜನಗಳೇ, ಘನಘೋರವಾದ ಆ ಸಮರದಲ್ಲಿ, ಯಂತ್ರಗಳನ್ನು ಮೂದಲಿಸಿ, ದ್ವಾರಪಾಲಕರನ್ನು ಮಲಗಿಸಿ, ಕತ್ತಲೆಯ ಕೂಪವನ್ನು ಹೊಕ್ಕು, ಒಡೆಯನ ಗಂಟೆಯನ್ನು ಮೂಕಗೊಳಿಸಿ, ಹಳೆಯದರ ಹತ್ತು ಪಟ್ಟು ವೇಗದಲ್ಲಿ ವೀರ ಮುರಿಗೆಪ್ಪನು ಪುಲಿಗೆರೆಯ ನಾಲ್ಕು ಸಾವಿರ ಮನೆಗಳಿಗೆ ತಲುಪಿಸಿದ್ದು ಒಂದು ಹರಿದ ಹೋಳಿಗೆ. ಮರುಪ್ರಸಾರ ಮರುದಿನ ಬೆಳಗ್ಗೆ ಹತ್ತಕ್ಕಿತ್ತು. ಅವನು ಮೇಲೆ ಹೋಗಿ, ಆ ಹನ್ನೊಂದು ಸೆಕೆಂಡುಗಳನ್ನು ಎರಡೂ ಕೋನಗಳಿಂದ ಕತ್ತರಿಸಿ ಎಸೆದು, ಪಂಚಮಿಯ ದಿನ ಒಬ್ಬನೇ ಉಣ್ಣುವ ಅನ್ನಕ್ಕೆ ಅಕ್ಕಿಗೆ ಎಷ್ಟು ನೀರು ಹಾಕಬೇಕೆಂದು ಮೆಟ್ಟಿಲ ತಲೆಯಿಂದ ದಾದಾಪೀರನನ್ನು ಕೇಳಿದ.